ಯಾವ ಬೆಟ್ಟ ಹತ್ತೋದು ಕಷ್ಟ?

ಭರತ ಹುಣ್ಣಿಮೆ ಬಂತೆಂದರೆ ನಮ್ಮ ಕಡೆಯ ಜನ ಉಚ್ಚಂಗಿದುರ್ಗಕ್ಕೆ ಹೊರಡುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಾ ಕಡೆಯಿಂದಲೂ ಹೋಗುತ್ತಾರೆ. ಗುಡ್ಡದ ಮೇಲೆ ಉಚ್ಚಂಗೆಮ್ಮನ ಗುಡಿ ಇದೆ. ಮೆಟ್ಟಿಲು ಹತ್ತಿ ಹೋಗಬೇಕು.

ಕೈ ಬೀಸಿಕೊಂಡು ಹೋಗುವ ಹುಡುಗ ಬೇಗ ಹತ್ತುತ್ತಾನೆ. ಕಂಕುಳಲ್ಲಿ ಕೂಸು, ತಲೆ ಮೇಲೆ ಬುತ್ತಿ ಗಂಟು ಇರುವ ತಾಯಿ ನಾಲ್ಕು ಕಡೆ ಕೂತು ಹತ್ತುತ್ತಾಳೆ. ಗುಡ್ಡ ಒಂದೇ. ಎತ್ತರವೂ ಒಂದೇ. ಕಷ್ಟ ಮಾತ್ರ ಒಂದೇ ಅಲ್ಲ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆ ಬಂಡೆಗುಡ್ಡಗಳಿವೆ. ಅಲ್ಲಿ ಮೆಟ್ಟಿಲಿಲ್ಲದ ಕಡೆ ಕಾಲಿಡಲು ಸಂದು ಹುಡುಕಬೇಕು. ಕರಡಿ ಭಯ ಬೇರೆ. ಗುಡ್ಡ ಸಣ್ಣದಾದರೂ ಎದೆ ಡವಡವ ಅನ್ನುತ್ತದೆ.

ಲೋಕದ ದೊಡ್ಡ ಬೆಟ್ಟಗಳ ಕಥೆಯೂ ಹೀಗೇ ಇದೆ. ಬನ್ನಿ, ತಿಳಿದುಕೊಳ್ಳೋಣ.

ಎತ್ತರದ ಲೆಕ್ಕ

ನಮ್ಮ ಕರ್ನಾಟಕದ ಎತ್ತರದ ಬೆಟ್ಟ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಅದರ ಎತ್ತರ ಸುಮಾರು 1,930 ಮೀಟರ್. ಲೋಕದಲ್ಲಿ 8,000 ಮೀಟರಿಗಿಂತ ಎತ್ತರದ ಬೆಟ್ಟಗಳು 14 ಇವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಬರೆದಿದ್ದೇವೆ. ಅಂಕಿಗಳನ್ನು ಗಟ್ಟಿಯಾಗಿ ಓದಿ.

ಎವರೆಸ್ಟ್ – 8,849 ಮೀಟರ್ (1ನೇ ಸ್ಥಾನ)
ಕೆ-2 – 8,611 ಮೀಟರ್ (2ನೇ ಸ್ಥಾನ)
ಕಾಂಚನಜುಂಗಾ – 8,586 ಮೀಟರ್ (3ನೇ ಸ್ಥಾನ)
ಅನ್ನಪೂರ್ಣ – 8,091 ಮೀಟರ್ (10ನೇ ಸ್ಥಾನ)

ಎವರೆಸ್ಟ್ ನಮ್ಮ ಮುಳ್ಳಯ್ಯನಗಿರಿಯ ನಾಲ್ಕೂವರೆ ಪಟ್ಟು ಎತ್ತರ. ಹಾಗಾದರೆ ಎವರೆಸ್ಟ್ ಹತ್ತೋದೇ ಎಲ್ಲಕ್ಕಿಂತ ಕಷ್ಟ ಅಲ್ಲವೇ? ಅಲ್ಲ! ಯಾಕೆ ಅಂತ ನೋಡೋಣ.

ಎವರೆಸ್ಟ್: ಉಸಿರಿನ ಕಷ್ಟ

ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಎವರೆಸ್ಟ್ ತುದಿಯಲ್ಲಿ ಒಂದು ಸಲ ಉಸಿರೆಳೆದರೆ ಎಷ್ಟು ಪ್ರಾಣವಾಯು ಸಿಗುತ್ತದೆ ಗೊತ್ತೇ? ಸಮುದ್ರದ ದಂಡೆಯಲ್ಲಿ ಸಿಗುವುದರಲ್ಲಿ ಮೂರನೇ ಒಂದು ಪಾಲು ಮಾತ್ರ. ಒಂದು ಹೆಜ್ಜೆ ಇಟ್ಟು ನಾಲ್ಕು ಸಲ ಏದುಸಿರು ಬಿಡಬೇಕು. ತಲೆ ತಿರುಗುತ್ತದೆ. ಊಟ ಸೇರುವುದಿಲ್ಲ. ಬುದ್ಧಿ ಮಂಕಾಗುತ್ತದೆ. ಅದಕ್ಕೇ ಬಹಳ ಜನ ಪ್ರಾಣವಾಯು ತುಂಬಿದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರೆ.

ಆದರೆ ಎವರೆಸ್ಟಿನ ಹಾದಿ ಈಗ ಗೊತ್ತಿರುವ ಹಾದಿ. ಪ್ರತಿ ವರ್ಷ ಅಲ್ಲಿ ಹಗ್ಗ ಕಟ್ಟುತ್ತಾರೆ. ಮಂಜುಗಡ್ಡೆಯ ಬಿರುಕಿಗೆ ಏಣಿ ಹಾಕುತ್ತಾರೆ. ಸಾವಿರಾರು ಜನ ತುದಿ ಮುಟ್ಟಿ ಬಂದಿದ್ದಾರೆ. ನಮ್ಮ ದೇಶದ ಬಚೇಂದ್ರಿ ಪಾಲ್ 1984ರಲ್ಲಿ ಹತ್ತಿದರು. ಎವರೆಸ್ಟ್ ಏರಿದ ಭಾರತದ ಮೊದಲ ಮಹಿಳೆ ಅವರೇ.

ಕೆ-2: ಹಾದಿಯ ಕಷ್ಟ

ಕೆ-2 ಇರುವುದು ಕಾರಕೋರಂ ಪರ್ವತಸಾಲಿನಲ್ಲಿ. ಅದು ಎವರೆಸ್ಟಿಗಿಂತ 238 ಮೀಟರ್ ಗಿಡ್ಡ. ಆದರೂ ಬೆಟ್ಟ ಹತ್ತುವವರನ್ನು ಕೇಳಿದರೆ, "ಕೆ-2 ಬಹಳ ಬಿರುಸು" ಅನ್ನುತ್ತಾರೆ.

ಒಂದು, ಅದು ಬಹಳ ಕಡಿದು. ಬುಡದಿಂದ ತುದಿಯವರೆಗೂ ಏರು ಏರೇ. ಎರಡು, ಹತ್ತಿರ ಊರಿಲ್ಲ. ಕೊನೆಯ ಹಳ್ಳಿಯಿಂದ ಬುಡ ಸೇರಲು ಸುಮಾರು ಒಂದು ವಾರ ನಡೆಯಬೇಕು. ಮೂರು, ಗಾಳಿ ಮತ್ತು ಹಿಮಬಿರುಗಾಳಿ ಯಾವಾಗ ಎದ್ದಾವೋ ಹೇಳಲಾಗದು. ನಾಲ್ಕು, ತುದಿಯ ಹತ್ತಿರ ಒಂದು ಇಕ್ಕಟ್ಟಾದ ಹಾದಿ ಇದೆ. ಅದರ ನೆತ್ತಿಯ ಮೇಲೆ ದೊಡ್ಡ ಮಂಜುಗಡ್ಡೆ ಗೋಡೆಯಂತೆ ಜೋತು ನಿಂತಿದೆ. ಅದರ ಕೆಳಗೇ ನುಸುಳಿ ಹೋಗಬೇಕು. 2008ರ ಆಗಸ್ಟ್ ತಿಂಗಳಲ್ಲಿ ಆ ಗಡ್ಡೆ ಮುರಿದು ಬಿತ್ತು. ಹಗ್ಗಗಳು ಕೊಚ್ಚಿಹೋದವು. ಎರಡು ದಿನದಲ್ಲಿ 11 ಜನ ಸತ್ತರು.

ಚಳಿಗಾಲದಲ್ಲಿ ಎವರೆಸ್ಟ್ ಏರಿದ್ದು 1980ರಲ್ಲಿ. ಚಳಿಗಾಲದ ಕೆ-2 ಮಾತ್ರ 2021ರ ಜನವರಿ 16ರವರೆಗೆ ಯಾರಿಗೂ ಬಗ್ಗಲಿಲ್ಲ. ಅಂದು ನೇಪಾಳದ 10 ಜನ ಅದನ್ನು ಏರಿದರು. ತುದಿ ಹತ್ತಿರವಾದಾಗ ಮುಂದೆ ಇದ್ದವರು ನಿಂತರು. ಹಿಂದಿನವರು ಬರುವ ತನಕ ಕಾದರು. ಆಮೇಲೆ ಎಲ್ಲರೂ ಕೂಡಿ ತುದಿಗೆ ಕಾಲಿಟ್ಟರು. ಮೊದಲಿಗ ಯಾರು ಅನ್ನೋ ಜಗಳವೇ ಬರಲಿಲ್ಲ.

ಅನ್ನಪೂರ್ಣ: ಹಿಮಕುಸಿತದ ಕಷ್ಟ

ಅನ್ನಪೂರ್ಣ ಇರುವುದು ನೇಪಾಳದಲ್ಲಿ. ಎತ್ತರದಲ್ಲಿ ಅದಕ್ಕೆ 10ನೇ ಸ್ಥಾನ. ಆದರೆ 8,000 ಮೀಟರ್ ಮೀರಿದ ಬೆಟ್ಟಗಳಲ್ಲಿ ಮನುಷ್ಯ ಮೊದಲು ತುದಿ ಮುಟ್ಟಿದ್ದು ಇದನ್ನೇ. 1950ರಲ್ಲಿ ಫ್ರಾನ್ಸಿನ ಇಬ್ಬರು ಹತ್ತಿದರು. ಹಿಮ ಕಚ್ಚಿ ಇಬ್ಬರೂ ಕಾಲ್ಬೆರಳು ಕಳೆದುಕೊಂಡರು.

ಇಲ್ಲಿ ಹಿಮದ ರಾಶಿ ಹೇಳದೆ ಕೇಳದೆ ಜಾರಿ ಬೀಳುತ್ತದೆ. ಬಹಳ ವರ್ಷಗಳ ಕಾಲ, ತುದಿ ಮುಟ್ಟಿದ ಪ್ರತಿ ಮೂವರಿಗೆ ಸುಮಾರು ಒಬ್ಬರಂತೆ ಈ ಬೆಟ್ಟದಲ್ಲಿ ಜೀವ ಹೋಗಿದೆ. ಈಚೆಗೆ ಆ ಲೆಕ್ಕ ಇಳಿದಿದೆ. ಆದರೂ ಭಯ ಹೋಗಿಲ್ಲ. ಹತ್ತನೇ ಸ್ಥಾನದ ಬೆಟ್ಟ, ಮೊದಲನೇ ಸ್ಥಾನದ ಅಪಾಯ!

ಹಾದಿ ಮಾಡಿಕೊಟ್ಟವರು ಯಾರು?

ಎವರೆಸ್ಟ್ ಹಾದಿ ಗೊತ್ತಿರುವ ಹಾದಿ ಅಂದೆವು. ಅಲ್ಲಿ ಏಣಿ ಹಾಕುವವರು ಯಾರು? ಹಗ್ಗ ಕಟ್ಟುವವರು, ಸಿಲಿಂಡರ್ ಹೊರುವವರು ಯಾರು? ಬಹುಪಾಲು ನೇಪಾಳದ ಶೆರ್ಪಾ ಜನ. ಬೇರೆಯವರು ಒಮ್ಮೆ ದಾಟುವ ಅಪಾಯದ ಜಾಗವನ್ನು ಅವರು ಹೊರೆ ಹೊತ್ತು ಹಲವು ಸಲ ದಾಟುತ್ತಾರೆ. 2014ರ ಏಪ್ರಿಲ್ 18ರಂದು ಅಲ್ಲಿ ಹಿಮ ಕುಸಿಯಿತು. 16 ಜನ ಸತ್ತರು. ಎಲ್ಲರೂ ದುಡಿಯಲು ಹೋದ ನೇಪಾಳದವರೇ. ಒಬ್ಬರಿಗೆ ಹಾದಿ ಹಗುರವಾಗಬೇಕಾದರೆ ಇನ್ನೊಬ್ಬರ ಬೆನ್ನಿಗೆ ಭಾರ ಬೀಳುತ್ತದೆ.

ಈ ಮಾತು ನಮಗೆ ಹೊಸದಲ್ಲ. ಮಳೆ ಕೈಕೊಟ್ಟರೆ ನಮ್ಮ ಜನ ಗುಳೆ ಹೋಗುತ್ತಾರೆ. ಬೆಂಗಳೂರಲ್ಲಿ ಕಟ್ಟಡದ ಮೇಲೆ ಇಟ್ಟಿಗೆ ಹೊರುತ್ತಾರೆ. ಕಟ್ಟಡದ ಮೇಲೆ ಅವರ ಹೆಸರು ಇರುವುದಿಲ್ಲ.

ತೇನ್‌ಸಿಂಗ್ ನೋರ್ಗೆ ಕೂಡ ಹೊರೆ ಹೊರುವ ಕೂಲಿಯಾಗಿ 1935ರಲ್ಲಿ ಎವರೆಸ್ಟಿಗೆ ಹೋದವರು. ಮತ್ತೆ ಮತ್ತೆ ಹೋದರು. 1952ರಲ್ಲಿ ತುದಿಗೆ ಇನ್ನು ಸ್ವಲ್ಪವೇ ದೂರವಿತ್ತು. ಶಕ್ತಿ ಮುಗಿಯಿತು. ಅವರು ಹಟ ಮಾಡದೆ ಇಳಿದು ಬಂದರು. ಇಳಿದು ಬಂದಿದ್ದಕ್ಕೇ ಮುಂದಿನ ವರ್ಷ ಹತ್ತಲು ಜೀವ ಉಳಿದಿತ್ತು. 1953ರ ಮೇ 29ರಂದು ಎಡ್ಮಂಡ್ ಹಿಲರಿ ಜೊತೆ ತುದಿ ಮುಟ್ಟಿದರು. ಎವರೆಸ್ಟ್ ಏರಿ ಇಳಿದು ಬಂದ ಮೊದಲ ಇಬ್ಬರು ಎಂದು ಲೋಕವೇ ಅವರನ್ನು ಕೊಂಡಾಡಿತು.

ತೇನ್‌ಸಿಂಗ್‌ಗೆ ಹಲವು ಭಾಷೆ ಮಾತಾಡಲು ಬರುತ್ತಿತ್ತು. ಓದು ಬರಹ ಬರುತ್ತಿರಲಿಲ್ಲ. ತಮ್ಮ ಬಾಳಿನ ಕಥೆಯನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದರು. ಅಕ್ಷರ ಇಲ್ಲದವರಿಗೆ ಅರಿವು ಇಲ್ಲ ಅನ್ನೋದು ಸುಳ್ಳು. ಆದರೆ ನಮ್ಮ ಕಷ್ಟದ ಕಥೆಯನ್ನು ನಮ್ಮ ಕೈಯಿಂದಲೇ ಬರೆಯುವಂತಾದರೆ ಅದರ ಸುಖವೇ ಬೇರೆ. ಅದಕ್ಕೇ ಅಲ್ಲವೇ ನಾವು ಸಂಜೆ ದೀಪದ ಕೆಳಗೆ ಕೂತು ಕಲಿಯುತ್ತಿರುವುದು?

ನೆನಪಿಡೋಣ
• ಎತ್ತರವಾದದ್ದೆಲ್ಲ ಹೆಚ್ಚು ಕಷ್ಟದ್ದಲ್ಲ.
• ಗಾಳಿ, ಕಡಿದು, ಹಿಮ, ಊರಿನ ದೂರ, ಇವೆಲ್ಲ ಸೇರಿ ಕಷ್ಟವಾಗುತ್ತದೆ.
• ಹೊತ್ತು ನೋಡಿ ಹಿಂದೆ ಬರೋದು ಸೋಲಲ್ಲ.

ಉತ್ತರ ಬರೆಯಿರಿ
1. ಕೆ-2 ಬೆಟ್ಟ ಎವರೆಸ್ಟಿಗಿಂತ ಎಷ್ಟು ಮೀಟರ್ ಗಿಡ್ಡ?
2. ಅನ್ನಪೂರ್ಣ ಬೆಟ್ಟದಲ್ಲಿ ಯಾವ ಅಪಾಯ ಹೆಚ್ಚು?
3. ನೇಪಾಳದ 10 ಜನ ತುದಿಯ ಹತ್ತಿರ ಯಾಕೆ ನಿಂತರು?

ಕೂಡಿ ಮಾತಾಡಿ
ನಿಮ್ಮ ಊರಿನಲ್ಲಿ ಬೇರೆಯವರ ಹಾದಿ ಹಗುರ ಮಾಡುವವರು ಯಾರು? ಅವರ ಹೆಸರನ್ನು ನಿಮ್ಮ ಪಾಟಿಯ ಮೇಲೆ ಬರೆಯಿರಿ.