‘ಸೆಲ್’ ತೀರಿದರೆ ಬೇರೆ ಹಾಕಬಹುದೇ?

ಬೋಧನಾಭ್ಯಾಸದಲ್ಲಿ ರೋಣ ತಾಲ್ಲೂಕಿನ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಗೆ ನಾನು ‘ಜೀವಕೋಶ’ ಪಾಠ ಮಾಡಿದೆ. “ಇಂಗ್ಲಿಷಿನಲ್ಲಿ ಇದಕ್ಕೆ ಸೆಲ್ ಎನ್ನುತ್ತಾರೆ” ಎಂದು ಕರಿಹಲಗೆಯ ಮೇಲೆ ಬರೆದು ನೇರವಾಗಿ ವ್ಯಾಖ್ಯೆಗೆ ಹೋದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ: “ಸರ, ಮೈಯಾಗಿನ ಸೆಲ್ ತೀರಿದ್ರ ಬ್ಯಾರೆ ಹಾಕಾಕ ಬರತೈತೇನ್ರಿ?” ತರಗತಿ ನಕ್ಕಿತು. ನಾನೂ ನಕ್ಕು, “ಬರೂದಿಲ್ಲ, ಕುಂದ್ರು” ಎಂದೆ. ಆ ದಿನ ಅವನು ಮತ್ತೆ ಕೈ ಎತ್ತಲಿಲ್ಲ.

ತಪ್ಪು ನನ್ನದು. ರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ನೀರು ಹಾಯಿಸಲು ಹೋಗುವವರ ಮನೆಯ ಮಗುವಿಗೆ ಸೆಲ್ ಎಂದರೆ ಆ ಬ್ಯಾಟರಿಗೆ ಹಾಕುವ ಸೆಲ್. ಅದೇ ಅವನ ಪೂರ್ವಜ್ಞಾನ. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮರುದಿನ ಪದದಿಂದಲೇ ಆರಂಭಿಸಿದೆ. ಲ್ಯಾಟಿನ್ನಿನ ‘ಸೆಲ್ಲಾ’ ಎಂದರೆ ಚಿಕ್ಕ ಕೋಣೆ, ಉಗ್ರಾಣ. ಇಂಗ್ಲಿಷಿನಲ್ಲಿ ‘ಸೆಲ್’ ಸನ್ಯಾಸಿಯ ಕೋಣೆಯಾಯಿತು, ಸೆರೆಮನೆಯ ಕೋಣೆಯಾಯಿತು, ಜೇನುಹುಟ್ಟಿನ ಕಣ್ಣೂ ಆಯಿತು. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಖಾನೆಗಳನ್ನು ಇದೇ ಹೆಸರಿನಿಂದ ಕರೆದರು. ಅವರು ಕಂಡದ್ದು ಸತ್ತ ಜೀವಕೋಶಗಳ ಭಿತ್ತಿ, ಒಳಗೆಲ್ಲ ಖಾಲಿ. ಮುಂದೆ ರಾಸಾಯನಿಕ ತುಂಬಿದ ವಿದ್ಯುತ್ಕೋಶಕ್ಕೂ ಆ ಹೆಸರು ಬಂತು. ಫೋನಿನ ಜಾಲಕ್ಕಾಗಿ ಪ್ರದೇಶವನ್ನು ಖಾನೆಗಳಾಗಿ ಹಂಚಿದಾಗ ‘ಸೆಲ್‌ಫೋನ್’ ಆಯಿತು. ನಮ್ಮ ‘ಕೋಶ’ವೂ ಹೀಗೆಯೇ: ರಾಜನ ಬೊಕ್ಕಸ, ಶಬ್ದಕೋಶ, ಜೀವಕೋಶ.

ಬಳಿಕ ಉಳ್ಳಾಗಡ್ಡಿಯ ತೆಳು ಪೊರೆಗೆ ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. “ಖಾಲಿ ಇಲ್ರೀ ಸರ, ಒಳಗ ಚುಕ್ಕಿ ಐತಿ” ಎಂದಳು ಒಬ್ಬಳು. ಅದು ಕೋಶಕೇಂದ್ರ. ಹೆಸರು ಖಾಲಿ ಕೋಣೆಯದು, ವಸ್ತು ಮಾತ್ರ ಜೀವಂತ ಎಂಬುದು ನಾನು ಹೇಳದೆಯೇ ಅವರಿಗೆ ತಿಳಿಯಿತು.

ಕೊನೆಗೆ ಹುಡುಗನ ಪ್ರಶ್ನೆಗೆ ಮರಳಿದೆ. ಬ್ಯಾಟರಿಯ ಸೆಲ್ಲಿನಲ್ಲಿ ರಾಸಾಯನಿಕ ಕ್ರಿಯೆ ಮುಗಿದರೆ ಅದನ್ನು ಎಸೆಯುತ್ತೇವೆ. ದೇಹದ ಕೆಂಪು ರಕ್ತಕಣವೂ ಸುಮಾರು 120 ದಿನಕ್ಕೆ ತೀರುತ್ತದೆ; ಆದರೆ ಮೂಳೆಯ ಮಜ್ಜೆ ಹೊಸದನ್ನು ತಯಾರಿಸುತ್ತಲೇ ಇರುತ್ತದೆ. ರಕ್ತ ಕೊಡುವುದೆಂದರೆ ಒಬ್ಬರ ಜೀವಕೋಶಗಳನ್ನು ಇನ್ನೊಬ್ಬರಿಗೆ ಹಾಕುವುದೇ. “ನಿನ್ನೆ ಬರೂದಿಲ್ಲ ಅಂದಿದ್ದು ತಪ್ಪಪ್ಪಾ” ಎಂದೆ. ಅವನು ನಕ್ಕ; ಈ ಸಲ ತರಗತಿ ಅವನನ್ನು ನೋಡಿ ನಗಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಪಾರಿಭಾಷಿಕ ಪದ ಬರೆಯುವ ಮೊದಲು, “ಈ ಮಾತು ನಿಮ್ಮ ಮನೆಯಲ್ಲಿ ಯಾವುದಕ್ಕೆ ಬಳಸುತ್ತೀರಿ?” ಎಂದು ಕೇಳಿ. ಎರಡು ನಿಮಿಷ ಸಾಕು.