ಮಾತಿಗೆ ಎಡೆಯುಳ್ಳ ಓಟ

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್ ಎಂದು ಕಾಗದದಲ್ಲಿ ಓದಿದರೆ ಅದು ಯಾರ ಮನಸ್ಸಿಗೂ ನಾಟುವುದಿಲ್ಲ. ಉಮರ್ಗಾ ಬಸ್ ನಿಲ್ದಾಣದಿಂದ ಕಾಸಾರ ಶಿರ್ಸಿಯ ಮೇಲೆ ಹಾಯ್ದು ನಿಲಂಗಾ ಸೇರುವಷ್ಟು ಹಾದಿ ಎಂದರೆ ನಮ್ಮ ಸೀಮೆಯವರಿಗೆ ಒಡನೆಯೇ ತಿಳಿಯುತ್ತದೆ, ಏಕೆಂದರೆ ಅದು ಹೆಚ್ಚುಕಡಿಮೆ ಅಷ್ಟೇ. ಆ ಹಾದಿಯನ್ನು, ಬಸ್ಸು ಇರುವಾಗ, ಐವತ್ತರ ಅಂಚಿಗೆ ಬಂದ ಒಬ್ಬ ಶಾಲಾಮಾಸ್ತರನು ಓಡಿಕೊಂಡು ಕ್ರಮಿಸಬಯಸುತ್ತಾನೆಂಬ ವಾರ್ತೆಯು ಊರಿಗೆ ಕೆಲಕಾಲ ಒಳ್ಳೆಯ ವಿನೋದವನ್ನು ಒದಗಿಸಿತು. ಚಹಾದ ಅಂಗಡಿಯ ಮುಂದೆ ಕುಳಿತ ಕಾಕಾ ಒಬ್ಬರು, ನಾನು ಬೆವರು ಸುರಿಸುತ್ತ ಹಾಯುವುದನ್ನು ಕಂಡು, "ಏನ್ ಮಾಸ್ತರ, ಯಾರರೆ ಬೆನ್ನ ಹತ್ಯಾರೇನ್ರಿ?" ಎಂದು ನಿಜವಾದ ಕಳವಳದಿಂದಲೇ ಕೇಳಿದುದುಂಟು.

ಈ ವಿಚಿತ್ರ ಅಂಕಿಗೆ ಶಾಸ್ತ್ರೀಯವಾದ ಆಧಾರವೇನೂ ಇಲ್ಲ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಓಟವು ಸುಮಾರು 40 ಕಿಲೋಮೀಟರ್ ಇತ್ತು. 1908ರಲ್ಲಿ ಲಂಡನ್ನಿನವರು ವಿಂಡ್ಸರ್ ಅರಮನೆಯಿಂದ ಆರಂಭಿಸಿ ಕ್ರೀಡಾಂಗಣದಲ್ಲಿ ರಾಜಪರಿವಾರದ ಆಸನಗಳೆದುರು ಮುಗಿಸಿದುದರಿಂದ ದೂರ ಬೆಳೆಯಿತು. 1921ರಲ್ಲಿ ಆ ಅಳತೆಯೇ ನಿಯಮವಾಯಿತು. ನನ್ನ ಕುತೂಹಲವೆಲ್ಲ ಇವೆರಡು ವರ್ಷಗಳ ನಡುವಣ 1920ರದು. ಆ ವರ್ಷ ಆಂಟ್ವರ್ಪ್ ನಗರದಲ್ಲಿ, ಇಂದಿನ ಅಳತೆಗಿಂತಲೂ ಅರ್ಧ ಕಿಲೋಮೀಟರಿನಷ್ಟು ಹೆಚ್ಚಾಗಿದ್ದ ಹಾದಿಯನ್ನು ಓಡಿ 19ನೆಯ ಸ್ಥಾನದಲ್ಲಿ ಮುಗಿಸಿದವನು ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಪಂದ್ಯಗಳಲ್ಲಿ ರೈತರ ಮಕ್ಕಳು ಬರಿಗಾಲಿನಲ್ಲಿ ಓಡುವುದನ್ನು ಕಂಡು ದೋರಾಬ್ಜಿ ಟಾಟಾ ಅವರು ತಾಳಿದ ಉತ್ಸಾಹದ ಫಲವಾಗಿ ಅವನು ಕಡಲು ದಾಟಿದನು. ಕನ್ನಡವೂ ಮರಾಠಿಯೂ ಬೆರೆತ ನಾಡಿನವನೊಬ್ಬನು ನೂರು ವರ್ಷಗಳ ಹಿಂದೆಯೇ ಈ ಕೆಲಸ ಮಾಡಿದ್ದನೆಂಬುದನ್ನು ನಾನು ಚಹಾದ ಅಂಗಡಿಯಲ್ಲಿ ಅನೇಕ ಸಲ ಪ್ರಮಾಣವಾಗಿ ಉದ್ಧರಿಸಿದ್ದೇನೆ. ಅದರಿಂದ ಯಾರೂ ಮಣಿದಂತೆ ಕಾಣಲಿಲ್ಲ.

ನನಗೆ ಓಡುವುದನ್ನು ಕಲಿಸಿದವರು ಚೌಗುಲೆಯಂಥವರೂ ಅಲ್ಲ, ಗ್ರಂಥಗಳೂ ಅಲ್ಲ. ನಾಲ್ಕು ಮಂದಿ ಮಿತ್ರರು, ಅವರಲ್ಲಿ ಇಬ್ಬರು ಓಡುವುದೇ ಇಲ್ಲ. ಒಬ್ಬನು ದಖ್ಖನಿ ಮನೆಮಾತಿನ ದರ್ಜಿ. ಇನ್ನೊಬ್ಬನು ಮುರುಮ್ ಕಡೆಯ ಒಕ್ಕಲಿಗ, ಹೊಲದಲ್ಲಿ ಕನ್ನಡವನ್ನೂ ಅಡತಿಯಲ್ಲಿ ಮರಾಠಿಯನ್ನೂ ಆಡುವವನು. ಮೂರನೆಯವನು ನಿಲಂಗಾದಲ್ಲಿ ಮನೆಮಾಡಿರುವ ಎಸ್‌ಟಿ ಬಸ್ಸಿನ ಕಂಡಕ್ಟರ್. ನಾಲ್ಕನೆಯವನು ಉದ್ಗೀರಿನಲ್ಲಿ ಮೆಡಿಕಲ್ ಅಂಗಡಿ ಇಟ್ಟಿದ್ದಾನೆ. ದರ್ಜಿಯೂ ಕಂಡಕ್ಟರನೂ ನನ್ನೊಡನೆ ಓಡುವರು; ಒಕ್ಕಲಿಗನು ನೀರಿನ ಬಾಟಲಿಗಳನ್ನು ಹ್ಯಾಂಡಲಿಗೆ ತೂಗುಬಿಟ್ಟು ಸೈಕಲ್ಲಿನಲ್ಲಿ ಹಿಂಬಾಲಿಸುವನು; ಉದ್ಗೀರಿನವನು ಫೋನಿನಲ್ಲಿಯೇ ಉಪದೇಶಿಸುವನು.

ಅವನ ಉಪದೇಶದ ಸಾರವಿಷ್ಟು: ದೀರ್ಘದೂರದ ಅಭ್ಯಾಸದಲ್ಲಿ ಬಹುಪಾಲು ಓಟವು, ಏದುಸಿರಿಲ್ಲದೆ ಪೂರ್ಣ ವಾಕ್ಯಗಳನ್ನಾಡಬಲ್ಲಷ್ಟು ಮಂದಗತಿಯದಾಗಿರಬೇಕು. ಇದಕ್ಕೆ ಕಾರಣವುಂಟು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ನಾವು ಸಂಚಯಿಸಿಕೊಂಡಿರುವ ಗ್ಲೈಕೋಜೆನ್ ಎಂಬ ಇಂಧನವು ಸುಮಾರು 2000 ಕಿಲೋಕ್ಯಾಲೊರಿಗಳಷ್ಟು; ಒಂದು ಕಿಲೋಮೀಟರ್ ಓಡಲು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಒಂದು ಕಿಲೋಕ್ಯಾಲೊರಿಯಷ್ಟು ವ್ಯಯವಾಗುವುದರಿಂದ, 60 ಕಿಲೋ ತೂಗುವವನಿಗೆ ಪೂರ್ತಿ ದೂರಕ್ಕೆ 2500ರಷ್ಟು ಬೇಕು; ಅಂದರೆ ಮೂವತ್ತು ಮೂವತ್ತೆರಡು ಕಿಲೋಮೀಟರುಗಳ ಸುಮಾರಿಗೆ ಗಂಟು ಕರಗಿ ಕಾಲು ಕಲ್ಲಾಗುತ್ತದೆ. ವೇಗ ಹೆಚ್ಚಿದಷ್ಟೂ ಈ ಸಂಚಯವು ಬೇಗ ಬರಿದಾಗುವುದು, ಮೆಲ್ಲಗೆ ಓಡುವವನ ದೇಹವಾದರೋ ಕೊಬ್ಬನ್ನೂ ಉರಿಸಿಕೊಳ್ಳಲು ಕಲಿಯುವುದು. ಆದುದರಿಂದ ಮಾತು ಕಡಿದ ಕ್ಷಣವೇ ವೇಗ ಮಿತಿಮೀರಿತೆಂದು ತಿಳಿಯಬೇಕು. ನನ್ನ ಮಿತ್ರರು ಈ ಶಾಸ್ತ್ರವನ್ನು ತಮಗೆ ಒಪ್ಪುವ ರೀತಿಯಲ್ಲಿ ಅಂಗೀಕರಿಸಿದರು: ನಾನು ಸ್ವಲ್ಪ ಸುಮ್ಮನಾದರೆ ಸೈಕಲ್ಲಿನ ಮೇಲಿನಿಂದ "ಮಾಸ್ತರ, ಮಾತಾಡ್ರೀ!" ಎಂದು ಗದರುವರು.

ಹೀಗೆ ನಮ್ಮ ಅಭ್ಯಾಸವು ಓಟವೆನ್ನುವುದಕ್ಕಿಂತ ಸಂಚಾರಿ ಹರಟೆಯಾಯಿತು. ತೊಗರಿಯ ದರ, ಸೋಯಾಬೀನಿಗೆ ಬಿದ್ದ ಹಳದಿ ರೋಗ, ದರ್ಜಿಯ ಮಗಳಿಗೆ ಬಂದ ಸಂಬಂಧ, ಯಾವ ಹಳ್ಳಿಯಲ್ಲಿ ಬಸ್ಸು ತಡೆದರು, ಯಾರ ಅಜ್ಜನು ಯಾರ ಹೊಲದ ಬದುವನ್ನು ಒತ್ತಿದನು ಎಂಬಿತ್ಯಾದಿ ವಿಷಯಗಳು ತೇರಣಾ ನದಿಯ ಸೇತುವೆಯವರೆಗೂ ಮುಗಿಯುತ್ತಿರಲಿಲ್ಲ. ಮಾತು ಒಂದು ಭಾಷೆಯಲ್ಲಿ ಎದ್ದು ಇನ್ನೊಂದರಲ್ಲಿ ಕೂರುವುದು. ಅದನ್ನು ಯಾರೂ ಗಮನಿಸುವುದೂ ಇಲ್ಲ. ನಿಲಂಗಾ, ಉದ್ಗೀರುಗಳು 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ಗೆರೆ ಎಳೆದವರು ಎಳೆದು ಹೋದರು, ಬೀಗತನಗಳು ಮಾತ್ರ ಇದ್ದಂತೆಯೇ ಇವೆ. ಬದುಕಿನ ನಿತ್ಯದ ಸುಖವೆಂದರೆ ಬಹುಶಃ ಇಂಥ ನಿಷ್ಪ್ರಯೋಜಕ ಸಂಭಾಷಣೆಯೇ ಎಂಬ ಸಂಶಯ ನನಗೆ ಹುಟ್ಟಿದುದು ಈ ಹಾದಿಯಲ್ಲಿ; ಕೊಠಡಿಯಲ್ಲಿ ಕುಳಿತು ಆಡಿದ್ದರೆ ಅರ್ಧ ಗಂಟೆಗೆ ಬೇಸರ ಬರುತ್ತಿದ್ದ ಮಾತುಗಳು ಮೂರು ಗಂಟೆಗಳ ಕಾಲ ಕಾಲುಗಳನ್ನು ಹೊತ್ತೊಯ್ಯುತ್ತಿದ್ದವು.

ಬೇಸಿಗೆಯಲ್ಲಿ ಉಷ್ಣಮಾನವು ನಲವತ್ತನ್ನು ಮೀರುವ ನಮ್ಮ ಕಡೆ, ಬೆಳಕು ಹರಿಯುವ ಮುನ್ನವೇ ಹೊರಡಬೇಕೆಂಬುದು ಸಾಮಾನ್ಯ ಬುದ್ಧಿಗೆ ತೋರುವ ವಿಷಯ. ನಾವಾದರೋ ನಾಲ್ಕು ಗಂಟೆಗೆ ಮೊದಲು ಎಂದೂ ಹೊರಟವರಲ್ಲ. ಕಂಡಕ್ಟರನ ತಾಯಿಯ ತವರು ಸಾಸ್ತೂರಿನ ಸಮೀಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದ ಹೊತ್ತಿನಲ್ಲಿ, ನಾಲ್ಕಕ್ಕೆ ಕೆಲವೇ ನಿಮಿಷಗಳಿರುವಾಗ ಕಿಲ್ಲಾರಿಯ ಭೂಕಂಪವು ಆ ಸುತ್ತಿನ ಹಳ್ಳಿಗಳನ್ನು ನೆಲಸಮಮಾಡಿತು. ಮಣ್ಣಿನಲ್ಲಿ ಕಲ್ಲು ಪೇರಿಸಿ ಕಟ್ಟಿದ ದಪ್ಪ ಗೋಡೆಗಳು, ಮಾಳಿಗೆಯ ಮೇಲಿನ ಮಣ್ಣಿನ ಭಾರ, ಇವೇ ಸಾವಿರಾರು ಜನರ ಮೇಲೆ ಬಿದ್ದವು. ಅವನ ಮನೆಯವರು ಆ ಹೊತ್ತಿನಲ್ಲಿ ಇಂದಿಗೂ ಎದ್ದು ಕುಳಿತು, ದೀಪ ಹಚ್ಚಿ, ಗಡಿಯಾರದ ಮುಳ್ಳು ಮುಂದೆ ಸರಿಯುವವರೆಗೆ ಕಾಯುತ್ತಾರೆ. ಈ ಸಂಗತಿಯನ್ನು ಅವನು ನಮಗೆ ವಿವರಿಸಿ ಹೇಳಿದವನಲ್ಲ. "ನಾಲ್ಕಾಗ್ಲಿ, ಬರ್ತೀನಿ" ಎಂದಷ್ಟೇ ಹೇಳುತ್ತಿದ್ದನು, ಉಳಿದುದನ್ನು ದರ್ಜಿಯು ನನಗೆ ತಿಳಿಸಿದನು. ಪುನರ್ವಸತಿಯ ಊರುಗಳ ಅಗಲವಾದ ನೇರ ಬೀದಿಗಳಲ್ಲಿ ಓಡುವಾಗ ಮಾತ್ರ ನಾವು ಮಾತಾಡುವುದಿಲ್ಲ, ಯಾರೂ ಗದರುವುದೂ ಇಲ್ಲ.

ಆಹಾರದ ವಿಷಯದಲ್ಲಿ ನಾನು ಕಲಿತುದು ಸ್ವಲ್ಪವೇ. ನಗರದವರು ಓಟದ ನಡುವೆ ಹಿಂಡಿಕೊಳ್ಳುವ ಸಿಹಿಯಾದ ಅಂಟಿನ ಪೊಟ್ಟಣಗಳಿಗೆ ಬದಲಾಗಿ ಒಕ್ಕಲಿಗನು ಬೆಲ್ಲ, ಬಾಳೆಹಣ್ಣು, ಉಪ್ಪು ಬೆರೆಸಿದ ಮಜ್ಜಿಗೆಗಳನ್ನು ತರುತ್ತಿದ್ದನು. ಸಕ್ಕರೆಯೂ ಲವಣವೂ ದೇಹಕ್ಕೆ ಸೇರಿದರಾಯಿತು, ಹೊದಿಕೆ ಯಾವುದಾದರೇನು! ಬಾಯಾರಿಕೆಯನ್ನು ಮೀರಿ ಬರಿಯ ನೀರನ್ನೇ ಸುರಿದುಕೊಂಡರೆ ರಕ್ತದ ಲವಣಾಂಶ ಇಳಿದು ಅಪಾಯವುಂಟೆಂದು ಮೆಡಿಕಲ್ ಮಿತ್ರನು ಎಚ್ಚರಿಸಿದ್ದನು. 2016ರಲ್ಲಿ ಲಾತೂರಿಗೆ ಕುಡಿಯುವ ನೀರು ಮೀರಜಿನಿಂದ ರೈಲಿನಲ್ಲಿ ಬಂದುದನ್ನು ಕಂಡ ನಮಗೆ ನೀರು ಹೆಚ್ಚಾದೀತೆಂಬ ಎಚ್ಚರಿಕೆಯು ಹಾಸ್ಯವಾಗಿ ತೋರಿದುದು ಸಹಜ.

ನಾನು ಹೆಸರು ಕೊಟ್ಟಿದ್ದ ಮುಂಬಯಿಯ ಮ್ಯಾರಥಾನ್ ಓಟವು ಜನವರಿಯಲ್ಲಿ. ಅದಕ್ಕೆ ಮುಂಚಿನ ಎರಡು ಮೂರು ವಾರಗಳಲ್ಲಿ ಅಭ್ಯಾಸವನ್ನು ಇಳಿಸುತ್ತ ಬಂದು ಕಾಲುಗಳಿಗೆ ವಿಶ್ರಾಂತಿ ಕೊಡಬೇಕೆಂಬುದು ನಿಯಮ. ನಮ್ಮಲ್ಲಿ ಎಳ್ಳಮಾವಾಸ್ಯೆಯು ಬರುವುದೂ ಆ ಸುಮಾರಿಗೇ. ಮರಾಠಿಯವರು ಇದನ್ನು ವೇಳ ಅಮಾವಾಸ್ಯೆ ಎನ್ನುವರು. ಹೆಸರು ಏನಿದ್ದರೂ ಎತ್ತಿನ ಬಂಡಿಯಲ್ಲೋ ಮೋಟಾರ್ ಸೈಕಲ್ಲಿನಲ್ಲೋ ಊರಿಗೆ ಊರೇ ಹೊಲಕ್ಕೆ ಹೋಗುವುದು, ಜೋಳದ ಕಣಿಕೆಯ ಕೊಪ್ಪೆಯಲ್ಲಿ ಪಾಂಡವರನ್ನಿಟ್ಟು ಪೂಜಿಸುವುದು, ಬೆಳೆಗೆ ಚರಗ ಚೆಲ್ಲುವುದು, ಸಜ್ಜೆಯ ಉಂಡಿ, ಹಸಿಕಾಳುಗಳ ಭಜ್ಜಿ, ಅಂಬಿಲಗಳನ್ನು ಸಿಕ್ಕವರಿಗೆಲ್ಲ ಬಡಿಸುವುದು ಗಡಿಯ ಎರಡೂ ಬದಿಗೆ ಸಮಾನ. ಒಂದು ಹೊಲದಲ್ಲಿ ಉಂಡು ಏಳುವಷ್ಟರಲ್ಲಿ ಪಕ್ಕದ ಹೊಲದವರು ಕೈಹಿಡಿದು ಎಳೆಯುವರು. ನನ್ನ ಪಥ್ಯದ ವಿಚಾರವನ್ನು ನಾನು ವಿನಯದಿಂದ ನಿವೇದಿಸಲು, ಒಕ್ಕಲಿಗನ ತಾಯಿಯು, "ಓಡಾಂವಗ ಹೊಟ್ಟಿ ಬ್ಯಾಡಾ? ತಿನ್ನಪಾ," ಎಂದು ಇನ್ನೊಂದು ಸೌಟು ಭಜ್ಜಿ ಹಾಕಿದಳು. ಓಟದ ಮುಂಚೆ ಪಿಷ್ಟವನ್ನು ತುಂಬಿಕೊಳ್ಳಬೇಕೆನ್ನುವ ಆಧುನಿಕರು ಈ ತಾಯಿಗಿಂತ ಹೆಚ್ಚಿನದೇನನ್ನೂ ಹೇಳಿಲ್ಲ.

ಓಟದ ಕುರಿತು ಸಂಕ್ಷೇಪವಾಗಿ ಹೇಳುವೆನು. ದರ್ಜಿಯೂ ಒಕ್ಕಲಿಗನೂ ನನ್ನೊಡನೆ ರೈಲಿನಲ್ಲಿ ಬಂದರು. ಕತ್ತಲಿರುವಾಗಲೇ ಸಾವಿರಾರು ಜನರ ನಡುವೆ ನಿಂತು ಹೊರಟು, ಕಡಲಿನ ಮೇಲಿನ ಸೇತುವೆಯನ್ನು ದಾಟುವವರೆಗೆ, ಅಕ್ಕಪಕ್ಕದ ಅಪರಿಚಿತರೊಡನೆ ನಾನು ಶಾಸ್ತ್ರೋಕ್ತವಾಗಿ ಮಾತನಾಡುತ್ತಲೇ ಇದ್ದೆನು. ಕೆಲವರು ಉತ್ತರಿಸಿದರು, ಕೆಲವರು ಕಿವಿಗೆ ಸಂಗೀತ ಸಿಕ್ಕಿಸಿಕೊಂಡಿದ್ದರು. ಬಿಸಿಲೇರಿದ ಮೇಲೆ, ಹಿಂದಿರುಗುವ ಹಾದಿಯಲ್ಲಿ, ಪೆಡ್ಡರ್ ರೋಡಿನ ಏರು ಬರುತ್ತದೆ. ಉಳಿದ ದಿನ ಅದನ್ನು ಏರೆಂದು ಯಾರೂ ಲೆಕ್ಕಿಸಲಾರರು. ಮೂವತ್ತೈದರ ಸುಮಾರಿನಲ್ಲಿ ಬರುವುದರಿಂದ ಅದಕ್ಕೆ ಕುಖ್ಯಾತಿ. ನನ್ನ ಬಾಯಿ ಆಗಲೇ ಕಟ್ಟಿಹೋಗಿತ್ತು. ಜನರ ಚಪ್ಪಾಳೆ, ವಾದ್ಯ, ಇಂಗ್ಲಿಷಿನ ಪ್ರೋತ್ಸಾಹವಚನಗಳು ಯಾವುವೂ ಒಳಗಿಳಿಯದೆ ಮೇಲೆಯೇ ಹಾಯ್ದು ಹೋಗುತ್ತಿರಲು, ಕಟಕಟೆಯ ಹಿಂದಿನಿಂದ "ಮಾಸ್ತರ, ಮಾತಾಡ್ರೀ!" ಎಂಬ ಗದರಿಕೆ ಕೇಳಿಸಿತು. ಏನು ಮಾತನಾಡುವುದೆಂದು ತೋಚದೆ, ಬಾಯಿಗೆ ಬಂದುದನ್ನು ಕೇಳಿದೆನು: "ತೊಗರಿ ಎಷ್ಟಾತೋ?" ಒಕ್ಕಲಿಗನು ಕಟಕಟೆಯ ಆಚೆ ನನ್ನ ಸಮಕ್ಕೆ ನಡೆಯುತ್ತ ಉದ್ಗೀರಿನ ಅಡತಿಯ ಹಿಂದಿನ ದಿನದ ದರವನ್ನು, ತೇವಾಂಶದ ಕಡಿತ ಸಮೇತ, ವರದಿಮಾಡಿದನು. ಏರಿನ ನೆತ್ತಿಯವರೆಗೂ ನಾವಿಬ್ಬರೂ ಆ ಕಡಿತದ ಅನ್ಯಾಯವನ್ನು ವಿಚಾರಿಸಿದೆವು. ಉಳಿದ ದೂರವನ್ನು ನಾನು ಕೊನೆಯವರ ಗುಂಪಿನಲ್ಲಿ, ಯಾವ ದಾಖಲೆಗೂ ಅಪಾಯವೊಡ್ಡದೆ, ಮುಗಿಸಿದೆನು.

ಪದಕವು ದರ್ಜಿಯ ಅಂಗಡಿಯಲ್ಲಿ ಅಳತೆಯ ಟೇಪಿನ ಪಕ್ಕದ ಮೊಳೆಗೆ ತೂಗುತ್ತಿದೆ. ಗಿರಾಕಿಗಳು ಅದು ತನ್ನದೆಂದು ತಿಳಿದರೆ ಅವನು ತಿದ್ದುವುದಿಲ್ಲ. ಇತ್ತ ಉದ್ಗೀರಿನ ಮಿತ್ರನು, ತನ್ನ ಊರಿನ ಕೋಟೆಯ ಸುತ್ತ ನಾವಿನ್ನೂ ಓಡಿಲ್ಲವೆಂದು ಮುನಿದಿದ್ದಾನೆ. ಆದಕಾರಣ ಬರುವ ಸೀತನಿಯ ಕಾಲಕ್ಕೆ ಉದ್ಗೀರಿನ ಕೋಟೆಯಿಂದ ಹೊರಟು, ಗಡಿ ದಾಟಿ, ಕಮಲನಗರದಲ್ಲಿ ಮಿರ್ಚಿ ಭಜಿಯೊಡನೆ ಸುಸಲಾ ತಿನ್ನುವುದೆಂದು ನಿರ್ಣಯವಾಗಿದೆ. ಹಿಂದಿರುಗುವುದು ಓಡಿಯೋ ಬಸ್ಸಿನಲ್ಲೋ ಎಂಬ ವಾದ ತೀರಿಲ್ಲ. ಮಿತ್ರತ್ವವೇನೇ ಇರಲಿ, ಟಿಕೇಟಿಲ್ಲದೆ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲವೆಂದು ಕಂಡಕ್ಟರನು ಈಗಲೇ ಸಾರಿಬಿಟ್ಟಿದ್ದಾನೆ.