ಕೇಪಿನ ಕೋವಿಗೊಂದು ಮರದ ಸ್ಟ್ಯಾಂಡ್

ಮಲೆನಾಡು, ಕೊಡಗಿನ ಹಳೇ ಮನೆಗಳಲ್ಲಿರುವ ಕೇಪಿನ ಕೋವಿಗೆ ಈಡು ತುಂಬುವುದು ನಳಿಗೆಯ ಬಾಯಿಂದಲೇ. ಮದ್ದು, ಅದರ ಮೇಲೆ ಕತ್ತ, ಆಮೇಲೆ ಚರೆ ಇಲ್ಲವೇ ಗುಂಡು, ನಡುನಡುವೆ ಗಜವೆಂಬ ಸರಳು ಹಾಕಿ ಗಟ್ಟಿಸುವುದು. ಇಷ್ಟಕ್ಕೆ ಎರಡು ಕೈ ಸಾಲದು. ಹಾಗಾಗಿ ಕೋವಿಯ ಬುಡವನ್ನು ಪಾದಗಳ ನಡುವೆ ಸಿಕ್ಕಿಸಿಕೊಂಡೋ, ಮರಕ್ಕೆ ಒರಗಿಸಿಯೋ, ನಳಿಗೆಯ ಮೇಲೆ ಬಗ್ಗಿ ಕೆಲಸ ಮಾಡುವುದು ರೂಢಿ. ಅಪಾಯ ಇರುವುದೇ ಆ ಬಗ್ಗುವುದರಲ್ಲಿ. ಕೋವಿಯನ್ನು ನಮ್ಮಿಂದ ಆಚೆಗೆ ವಾಲಿಸಿ ಅಲುಗದಂತೆ ಹಿಡಿಯುವ ಮರದ ಸ್ಟ್ಯಾಂಡೊಂದಿದ್ದರೆ ಬಗ್ಗುವ ಪ್ರಮೇಯವೇ ಇಲ್ಲ. ಊರಿನ ಬಡಗಿ ಒಂದು ದಿನದಲ್ಲಿ ಮಾಡಿಕೊಡಬಹುದಾದ ಸಾಮಾನು ಇದು. ಕೋವಿಗೆ ಲೈಸೆನ್ಸ್ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಅದರಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಸ್ಟ್ಯಾಂಡಿಗೆ ಯಾರ ಅಪ್ಪಣೆಯೂ ಬೇಡ.

ಮೊದಲು ನಿಮ್ಮ ಕೋವಿಯನ್ನು ಅಳೆಯಿರಿ. ಇಲ್ಲಿ ಹೇಳುವ ಅಳತೆಗಳು ಸುಮಾರು 50 ಇಂಚು ಉದ್ದದ ಕೋವಿಯವು. ಉದ್ದ ಬೇರೆಯಾದರೆ ಕಂಬದ ಎತ್ತರವನ್ನೂ ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ. ಮರಕ್ಕೆ ಹಲಸು ಒಳ್ಳೆಯದು. ತೋಟದ ಸಿಲ್ವರ್ ಓಕ್ ಹಲಗೆಯೂ ನಡೆಯುತ್ತದೆ, ಚೆನ್ನಾಗಿ ಒಣಗಿರಬೇಕು ಅಷ್ಟೆ; ಹಸಿ ಹಲಗೆ ಬೇಸಿಗೆಯಲ್ಲಿ ತಿರುಚಿಕೊಂಡು ಸ್ಟ್ಯಾಂಡ್ ಕುಂಟತೊಡಗುತ್ತದೆ. ಸಾಮಾನ್ಯ ಪ್ಲೈವುಡ್ ನಮ್ಮ ಮಳೆಗಾಲಕ್ಕೆ ಹೇಳಿದ್ದಲ್ಲ.

ಅಡಿಹಲಗೆ 24 ಇಂಚು ಉದ್ದ, 16 ಇಂಚು ಅಗಲ, ಒಂದೂವರೆ ಇಂಚು ದಪ್ಪ ಇರಲಿ. ನೀವು ನಿಲ್ಲುವ ಕಡೆಯ ಅಂಚಿನಿಂದ 8 ಇಂಚು ಒಳಗೆ, ಕೋವಿಯ ಬುಡವಿಟ್ಟು ಪೆನ್ಸಿಲಿನಿಂದ ಸುತ್ತ ಗೀಟು ಹಾಕಿ. ಆ ಆಕಾರದಲ್ಲೇ ಅರ್ಧ ಇಂಚು ಆಳದ ಕುಳಿ ಕೆತ್ತಿಸಿ, ಕುಳಿಯ ತಳದಲ್ಲಿ ನೀರಿಳಿಯಲು ಬೆರಳಗಲದ ತೂತು ಬಿಡಿಸಿ. ನಿಮ್ಮ ಕಡೆಯ 8 ಇಂಚು ಖಾಲಿ ಯಾಕೆಂದರೆ, ಗಜ ಗಟ್ಟಿಸುವಾಗ ನೀವು ಒಂದು ಪಾದವನ್ನು ಅಲ್ಲಿ ಊರಿ ನಿಲ್ಲಬೇಕು. ಹಲಗೆಯ ಅಡಿಗೆ ನಾಲ್ಕು ಮೂಲೆಯಲ್ಲಿ ಪುಟ್ಟ ಕಾಲು ಹೊಡೆಸಿದರೆ ಅಂಗಳದ ಏರುತಗ್ಗಿನಲ್ಲೂ ಕೂರುತ್ತದೆ.

ಇನ್ನು ಕಂಬ. ಸ್ಟ್ಯಾಂಡಿನ ಜೀವ ಇರುವುದು ಇಲ್ಲೇ, ಬಡಗಿಯನ್ನು ಅವಸರಪಡಿಸಬೇಡಿ. 3 ಇಂಚು ಅಗಲ, 2 ಇಂಚು ದಪ್ಪದ ಕಂಬ ಸಾಕು. ಕುಳಿಯಿಂದ ಆಚೆಗೆ ಸುಮಾರು 6 ಇಂಚು ಬಿಟ್ಟು ಅಡಿಹಲಗೆಯಲ್ಲಿ ಚೌಕ ತೂತು ತೆಗೆದು ಕಂಬದ ಬುಡವನ್ನು ಬಿಗಿಯಾಗಿ ಇಳಿಸಿ, ಹಿಂದಿನಿಂದ ಒಂದು ಓರೆ ಪಟ್ಟಿ ಕೊಡಿಸಿ. ಕಂಬದ ನೆತ್ತಿಗೆ 6 ಇಂಚಿನ ಅಡ್ಡಪಟ್ಟಿ. ಅದರ ಮಧ್ಯೆ, ಅಡಿಹಲಗೆಯಿಂದ 36 ಇಂಚು ಎತ್ತರದಲ್ಲಿ, ನಳಿಗೆ ಕೂರುವಷ್ಟು ಕಚ್ಚು. ಗಜವಿರುವ ಬದಿ ನಿಮ್ಮ ಕಡೆಗಿದ್ದು, ನಳಿಗೆಯ ಬೆನ್ನು ಕಚ್ಚಿಗೆ ಒರಗಬೇಕು. ಕೋವಿಯ ಬುಡದ ಬಾಗು ಒಂದೊಂದಕ್ಕೆ ಒಂದೊಂದು ಥರ, ಹಾಗಾಗಿ ತೂತು ಕೊರೆಯುವ ಮೊದಲೇ ಖಾಲಿ ಕೋವಿಯನ್ನು ಹಿಡಿದು ನೋಡುವುದು ಕ್ಷೇಮ. ನಳಿಗೆಯ ಬಾಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಕುಳಿಯ ಮಧ್ಯದಿಂದ 8–9 ಇಂಚು ಆಚೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ನಳಿಗೆ ನಿಮ್ಮ ಮುಖದತ್ತ ಬರುತ್ತದೆ. ತೀರಾ ಹೆಚ್ಚಾದರೆ ಗಜದ ಒತ್ತಡಕ್ಕೆ ಸ್ಟ್ಯಾಂಡೇ ಮುಗ್ಗರಿಸುತ್ತದೆ. ನಮ್ಮ ಕೇಪಿನ ಕೋವಿಗಳ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪು. ಒಳಗೆ ಸುರುಳಿ ತೋಡುಗಳಿರುವ ರೈಫಲಿಗೆ ಬಟ್ಟೆ ಸುತ್ತಿದ ಗುಂಡನ್ನು ಬಲವಾಗಿ ಇಳಿಸಬೇಕಾಗುವುದರಿಂದ, ಅಂಥ ಕೋವಿಯಿದ್ದವರು ಅಡಿಹಲಗೆಯ ಅಗಲಕ್ಕೆ ಇನ್ನೆರಡು ಇಂಚು ಸೇರಿಸಲಿ.

ಕಚ್ಚಿಗೂ ಕುಳಿಗೂ ದಪ್ಪ ಚರ್ಮ ಅಂಟಿಸಿ. ರಬ್ಬರ್ ಬೇಡ, ಎಣ್ಣೆ ತಾಗಿದರೆ ಅದು ಉಬ್ಬಿ ಅಂಟಂಟಾಗುತ್ತದೆ. ಕಚ್ಚಿನ ಒಂದು ಬದಿಗೆ ಚರ್ಮದ ಬಾರು, ಇನ್ನೊಂದು ಬದಿಗೆ ಗುಬುಟು. ಬಾರನ್ನು ಸಿಕ್ಕಿಸಿದರೆ ಕೋವಿ ಪಕ್ಕಕ್ಕೆ ಜಾರದು. ಹಿತ್ತಾಳೆ ಸ್ಕ್ರೂಗಳನ್ನೇ ಬಳಸಿ, ತಲೆ ಮರದೊಳಗೆ ಹುದುಗಿರಲಿ. ಅಡ್ಡಪಟ್ಟಿಯ ಕೊನೆಯಲ್ಲಿ ಗಜ ಸಿಕ್ಕಿಸಲು ಒಂದು ತೂತು ಇದ್ದರೆ ಅನುಕೂಲ. ಹಾಗೇ ಗಜಕ್ಕೂ ಒಂದು ಗುರುತು ಮಾಡಿ: ಕೋವಿ ಖಾಲಿಯಿದ್ದಾಗ ಗಜ ತಳ ಮುಟ್ಟಿದಾಗ ನಳಿಗೆಯ ಬಾಯಿಗೆ ಸಮನಾಗಿ ಸುತ್ತ ಒಂದು ಗೀರು. ಸ್ಟ್ಯಾಂಡಿಗಿಡುವ ಮೊದಲು ಗಜ ಇಳಿಸಿ ನೋಡಿ. ಗೀರು ಮೇಲೆಯೇ ನಿಂತಿತೋ, ಒಳಗೆ ಈಡೋ ಕಸವೋ ಇದೆ ಎಂದರ್ಥ.

ಮದ್ದಿನ ಡಬ್ಬಿಯಿಡಲು ಒಂದು ಗೂಡು ಮಾಡಿಕೊಡಲೇ ಎಂದು ಬಡಗಿ ಕೇಳಿಯಾನು. ಬೇಡವೇ ಬೇಡ. ಹಿಂದಿನ ಈಡಿನ ಕೆಂಡದ ಚೂರು ನಳಿಗೆಯಲ್ಲಿ ಉಳಿದಿದ್ದರೆ ಸುರಿದ ಮದ್ದು ಅಲ್ಲೇ ಹತ್ತಿಕೊಳ್ಳುತ್ತದೆ. ಕೈಯಲ್ಲಿರುವುದು ಡಬ್ಬಿಯಾದರೆ ಅದೂ ಸಿಡಿಯುತ್ತದೆ. ಬಾಯಿಂದ ತುಂಬುವ ಕೋವಿಗಳ ಗುರಿಕಾರರು ಒಂದೊಂದು ಈಡಿನ ಮದ್ದನ್ನು ಮೊದಲೇ ಅಳೆದು ಪುಟ್ಟ ಸೀಸೆಗಳಲ್ಲಿ ತರುವುದು ಇದಕ್ಕೇ. ಕಿಡಿ ಹೊತ್ತಿಸುವ ಕೇಪನ್ನಂತೂ ಸ್ಟ್ಯಾಂಡಿನ ಮೇಲೆ ಕೂರಿಸಲೇಬಾರದು. ಕೋವಿ ಎತ್ತಿಕೊಂಡು, ನಳಿಗೆ ಗುರಿಯ ಕಡೆ ತಿರುಗಿದ ಮೇಲಷ್ಟೇ ಕೇಪು.

ನಿಜ ಹೇಳಬೇಕೆಂದರೆ, ಹೆಚ್ಚಿನ ಮನೆಗಳಲ್ಲಿ ಈ ಸ್ಟ್ಯಾಂಡ್ ಈಡು ತುಂಬುವುದಕ್ಕಿಂತ ಕೋವಿ ತೊಳೆಯಲು ಬಳಕೆಯಾಗುತ್ತದೆ. ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆಗೆ ಮುಂಚಿನ ದಿನಗಳಲ್ಲಿ ಕೊಡಗಿನಲ್ಲಿ ಇದಕ್ಕೆ ಬಿಡುವಿರದು. ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ, ಅದಕ್ಕೆ ಬಿಸಿನೀರೇ ಮದ್ದು. ಕುಳಿಯ ತೂತು ಉಪಯೋಗಕ್ಕೆ ಬರುವುದು ಆಗಲೇ. ನೀರು ತಡೆಯಲೆಂದು ಮರಕ್ಕೆ ಕುದಿಸಿದ ಅಗಸೆ ಎಣ್ಣೆಯನ್ನು ಎರಡು ಸಲ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನೇ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಎಣ್ಣೆ ಒಣಗಿದ ಮೇಲೆ ಖಾಲಿ ಕೋವಿ ನಿಲ್ಲಿಸಿ, ನಾಲ್ಕೂ ಕಡೆಯಿಂದ ಅಂಗೈಯಲ್ಲಿ ತಳ್ಳಿ ನೋಡಿ. ಪಕ್ಕಕ್ಕೆ ಆಡಿದರೆ ಅಡಿಹಲಗೆಯ ಎರಡೂ ಬದಿಗೆ ಪಟ್ಟಿ ಜೋಡಿಸಿ ಅಗಲ ಹೆಚ್ಚಿಸಿ; ಕಂಬ ತೂಗಿದರೆ ಓರೆ ಪಟ್ಟಿಯನ್ನು ಇನ್ನಷ್ಟು ಮೇಲಕ್ಕೆ ಹೊಡೆಸಿ. ಕೆಲಸ ಮುಗಿದೊಡನೆ ಕೋವಿ ಬೀಗದೊಳಕ್ಕೆ ಹೋಗಲಿ. ಸ್ಟ್ಯಾಂಡಿನಲ್ಲೇ ಬಿಟ್ಟರೆ ಕಚ್ಚಿನ ಚರ್ಮ ಮಳೆಗಾಲದ ತೇವ ಹಿಡಿದು ನಳಿಗೆಗೆ ತುಕ್ಕು ತರುತ್ತದೆ, ಕೋವಿ ಮಕ್ಕಳ ಕೈಗೂ ಸಿಗುತ್ತದೆ.